ಹಣೆಗೆ ಹಚ್ಚುವ ಮುಲಾಮು

ಮಾಳಮಡ್ಡಿ, ಧಾರವಾಡ
೧೯ ಫೆಬ್ರುವರಿ ೨೦೨೫

ಪ್ರೀತಿಯ ಮೈತ್ರೇಯಿ,

ನಿನಗೂ ಮನೆಯವರೆಲ್ಲರಿಗೂ ಅಕ್ಕನ ಆಶೀರ್ವಾದ. ಸಂಕ್ರಾಂತಿಗೆ ಕಳಿಸಿದ ಕುಸುರೆಳ್ಳು ಮುಟ್ಟಿತು. ಉತ್ತರ ಬರೆಯಲು ತಿಂಗಳು ಮಾಡಿದೆ. ಮೊದಲು ಬೈದುಕೋ, ಆಮೇಲೆ ಓದು. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಈ ಮನೆಯಲ್ಲಿ ನಾನು ಮಾತಾಡಿದ್ದೆಲ್ಲ ನಿನ್ನ ಭಾವನ ಕಿವಿಗೂ ಬೀಳುತ್ತದೆ. ಅವರು ನಂಬಿದ ಡಾಕ್ಟರ ನಿಯತ್ತಿನ ಮೇಲೆ ನನಗೆ ಸಂಶಯ ಬಂದಿದೆಯೆಂದು ಅವರಿಗೆ ಈಗಲೇ ಗೊತ್ತಾಗುವುದು ಬೇಡ.

ನನ್ನ ಹುಬ್ಬುಗಳ ನಡುವೆ, ಕುಂಕುಮ ಇಡುವಲ್ಲೇ, ಒಂದು ಕೆಂಪು ಕಲೆ ಇತ್ತಲ್ಲ. ಕುಂಕುಮದ ಬಣ್ಣ ಒಗ್ಗುತ್ತಿಲ್ಲವೆಂದು ಅಂಗಡಿ ಬದಲಿಸಿದೆ, ಕೊನೆಗೆ ಮನೆಯಲ್ಲೇ ಅರಿಸಿನದಿಂದ ಮಾಡಿಕೊಂಡೆ. ವಾಸಿಯಾಗಲಿಲ್ಲ. ಹುಬ್ಬಳ್ಳಿಯ ಡಾ. ಉದಯಕುಮಾರ ನಿನ್ನ ಭಾವನಿಗೆ ಹಳೆಯ ಪರಿಚಯ. ಅವರು ಚೂರು ತೆಗೆದು ತಪಾಸಣೆಗೆ ಕಳಿಸಿದರು. ಚರ್ಮದ ಕ್ಯಾನ್ಸರ್ ಎಂದು ಬಂತು. ಗಾಬರಿಯಾಗಬೇಡ. ಇದು ನಿಧಾನವಾಗಿ ಬೆಳೆಯುವಂಥದ್ದು, ಮೇಲ್ಪದರದಲ್ಲೇ ಇದೆ, ಬೇರೆಡೆ ಹರಡುವುದು ತೀರ ಅಪರೂಪ.

ಚೂರು ತೆಗೆದ ವಾರ ಹಣೆಗೆ ಪಟ್ಟಿ ಇತ್ತು, ಕುಂಕುಮ ಇರಲಿಲ್ಲ. ಹೂ ಕೊಡಲು ಬಂದ ರೇಣವ್ವ ಮೊಳ ಅಳೆಯುತ್ತಿದ್ದ ಕೈ ನಿಲ್ಲಿಸಿ, “ಬಾಯಾರ, ಹಣಿ ಬರೇದ ಐತೆಲ್ರಿ. ಸಾಹೇಬ್ರು ಆರಾಮ ಅದಾರಿಲ್ರಿ?” ಎಂದಳು.

“ಒಳಗ ಅವಲಕ್ಕಿ ತಿನ್ಲಿಕ್ಕತ್ತಾರ. ಕರೀಲೇನು?” ಎಂದೆ.

ನಾವಿಬ್ಬರೂ ನಕ್ಕೆವು. ಒಳಗಿನಿಂದ ನಗು ಕೇಳಲಿಲ್ಲ.

ರಿಪೋರ್ಟು ಬಂದ ದಿನ ಉದಯಕುಮಾರ, “ಸೋಮವಾರ ಆಪರೇಷನ್ ಮಾಡೋಣ್ರಿ. ಅಷ್ಟು ಜಾಗ ತಗದು, ಬಾಜೂದ ಚರ್ಮ ಎಳದು ಹೊಲೀತೀನಿ” ಎಂದರು. ಬೇರೆ ದಾರಿ ಇಲ್ಲವೇ ಎಂದು ಕೇಳಿದೆ. ಅವರು ನನ್ನ ಕಡೆ ನೋಡಲಿಲ್ಲ, ನಿನ್ನ ಭಾವನ ಕಡೆ ನೋಡಿದರು. “ಇಲ್ರಿ ಬಾಯಾರ, ಇದ ಛಲೋ.” ಆ ನೋಟ ನನಗೆ ಸೇರಲಿಲ್ಲ. ಅವರ ನರ್ಸಿಂಗ್ ಹೋಮಿನಲ್ಲಿ ಹೊಸ ಆಪರೇಷನ್ ಥಿಯೇಟರಿನ ಬಣ್ಣದ ವಾಸನೆ ಇನ್ನೂ ಹೋಗಿಲ್ಲ. ಕಟ್ಟಿಸಿದ ಮೇಲೆ ಅಲ್ಲಿ ಯಾರಾದರೂ ಮಲಗಬೇಕಲ್ಲ.

ನೀನಾಗ ಸಣ್ಣವಳು, ನೆನಪಿರಲಿಕ್ಕಿಲ್ಲ. ನಮ್ಮ ಓಣಿಯಲ್ಲಿ ಹೊಟ್ಟೆನೋವು ಎಂದ ಹೆಂಗಸರಿಗೆಲ್ಲ ಗರ್ಭಕೋಶ ತೆಗೆಸಿಕೊಳ್ಳಿ ಎನ್ನುತ್ತಿದ್ದ ಕಾಲ ಅದು. ಅವ್ವನಿಗೂ ತೆಗೆಸಿದರು. ಅಪ್ಪ ಸಹಿ ಮಾಡಿ ಬಂದು, “ನಾಳೆ ಮುಂಜಾನೆ ಏನೂ ತಿನಬ್ಯಾಡಂತ” ಎಂದರು. ಅವ್ವನಿಗೆ ತಿಳಿಸಿದ್ದು ಅಷ್ಟೇ. ಗುಳಿಗೆಗೆ ಹೋಗುವ ನೋವಾಗಿತ್ತೆಂದು ವರ್ಷಗಳ ಮೇಲೆ ಬೇರೊಬ್ಬ ಡಾಕ್ಟರು ಹೇಳಿದಾಗ ಅವಳು ಬರೀ ಹೂಂ ಅಂದಳು. ಆ ಹೂಂ ನಾನು ಮರೆತಿಲ್ಲ.

ಹೀಗಾಗಿ, ಗ್ರಂಥಾಲಯಕ್ಕೆ ಹೋಗುತ್ತೇನೆಂದು ಹೇಳಿ ಚರ್ಮದ ಡಾಕ್ಟರು ಕರುಣಾ ಅವರ ಬಳಿ ಹೋದೆ. ರಿಪೋರ್ಟು ನೋಡಿ, “ಆಳಕ್ಕ ಇಳದಿದ್ರ ನಾನೂ ಚಾಕೂನ ಅಂತಿದ್ದೆ. ಇದಕ್ಕ ಬ್ಯಾರೆ ದಾರಿ ಅದಾವ್ರಿ” ಎಂದರು. ಅತಿ ತಣ್ಣನೆಯ ನೈಟ್ರೋಜನ್ ಸಿಂಪಡಿಸಿ ಸುಡುವುದು ಒಂದು. ಬಿಳಿ ಕಲೆ ಉಳಿಯಬಹುದು. ಔಷಧ ಹಚ್ಚಿ ಅದರ ಮೇಲೆ ಬೆಳಕು ಹಾಯಿಸುವ ಚಿಕಿತ್ಸೆಯೂ ಇದೆಯಂತೆ. ನಮ್ಮ ಕಡೆ ‘ಕರೆಂಟ್ ಕೊಡೋದು’ ಎನ್ನುತ್ತಾರಲ್ಲ, ಆ ವಿಕಿರಣ ಹೆಚ್ಚಾಗಿ ಆಪರೇಷನ್ ತಾಳಲಾರದವರಿಗೆ. ನನಗೆ ಒಪ್ಪುವುದು ಮುಲಾಮು ಎಂದರು.

ನಾನು ಇವರನ್ನಾದರೂ ಯಾಕೆ ಸುಮ್ಮನೆ ನಂಬಲಿ? “ಮುಲಾಮಿನ ಕಂಪನಿಯವರು ನಿಮ್ಮ ಕಡೆ ಬರ್ತಾರೇನ್ರಿ?” ಎಂದು ಕೇಳಿಯೇಬಿಟ್ಟೆ.

“ಬರ್ತಾರ್ರಿ, ಪೆನ್ನು ಕೊಟ್ಟು ಹೋಗ್ತಾರ. ನಿಮಗೂ ಒಂದು ಬೇಕೇನ್ರಿ?” ಎಂದು ನಕ್ಕು, ಆಮೇಲೆ ನೇರವಾಗಿ ಹೇಳಿದರು. “ಹತ್ತು ಮಂದ್ಯಾಗ ಸುಮಾರು ಎಂಟು ಮಂದಿಗೆ ಇದರಿಂದನ ಹೋಗ್ತದ. ಚಾಕೂದ್ದು ಇದಕ್ಕಿಂತ ಗ್ಯಾರಂಟಿ, ಸುಳ್ಳು ಹೇಳೂದಿಲ್ಲ. ಉಳೀತಂದ್ರ ಆವಾಗ ತಗಿಯೋಣು. ಹಚ್ಚಿದ ಮ್ಯಾಲ ಕೆಂಪಾಗಿ ಹಕ್ಕಳಿ ಕಟ್ತದ, ನೋಡ್ಲಿಕ್ಕೆ ಕೆಟ್ಟ ಕಾಣ್ತದ. ಅಂದ್ರ ಔಷಧ ಕೆಲಸ ಮಾಡ್ಲಿಕ್ಕತ್ತದಂತ ತಿಳೀರಿ. ಆರು ವಾರ ಹಚ್ಚಬೇಕು. ಅಲ್ಲೀತನಕ ಹಣಿಗೆ ಕುಂಕುಮ ಬ್ಯಾಡ, ಅಂಟಸೂ ಟಿಕಳೀನೂ ಬ್ಯಾಡ.”

ಈ ಡಾಕ್ಟರ ಬಳಿ ಹೋದದ್ದನ್ನೂ ಮುಲಾಮಿನ ಮಾತನ್ನೂ ಮನೆಗೆ ಬಂದು ಹೇಳಿದೆ. ನಿನ್ನ ಭಾವ ಪೇಪರು ಮಡಚಿದರು. “ಉದಯಕುಮಾರಗ ತಿಳೀಲಾರದ್ದು ಈಕಿಗೆ ತಿಳೀತೇನು? ಆಪರೇಷನ್ ಒಂದ ದಿನದಾಗ ಮುಗೀತದ.”

“ಹಣಿ ನಂದ್ರಿ,” ಎಂದೆ. “ಬೇಕಾದ್ರ ಕುಂಕುಮ ಬೈತಲಿಗೆ ಹಚ್ಚಿಕೋತೀನಿ. ಒಂದಿಷ್ಟು ಮ್ಯಾಲ ಹಚ್ಚಿಕೊಂಡ್ರ ನೀವೇನು ಮ್ಯಾಲ ಹೋಗೂದಿಲ್ಲ.”

ಎಂದಿನ ಹಾಗೆ ನಗಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಆ ಹುಬ್ಬಳ್ಳಿ ಡಾಕ್ಟರು ಇವರ ತಲೆಯಲ್ಲಿ ಏನೋ ತುಂಬಿದ್ದಾರೆ, ಮೈತ್ರೇಯಿ. ನಾಳೆ ಹುಬ್ಬಳ್ಳಿಗೆ ಹೋಗಿ, ಸೋಮವಾರದ್ದು ಬೇಡವೆಂದು ಹೇಳಿ, ನಾಲ್ಕು ಮಾತು ಕೇಳಿ ಬರುತ್ತೇನೆ. ಬಂದ ಮೇಲೆ ಇದನ್ನು ಪೋಸ್ಟಿಗೆ ಹಾಕುತ್ತೇನೆ.

ನೀನು ಬಿಸಿಲಲ್ಲಿ ತಿರುಗುವಾಗ ತಲೆಯ ಮೇಲೆ ಸೆರಗಿರಲಿ. ಸೌರಭನ ಪರೀಕ್ಷೆ ಸುಸೂತ್ರವಾಗಲಿ. ನಿಮ್ಮ ಮನೆ ತಣ್ಣಗಿರಲಿ.

ನಿನ್ನ ಅಕ್ಕ,
ಲಕ್ಷ್ಮೀಬಾಯಿ

ತಾ. ಕ.: ಹೋಗಿ ಬಂದೆ. “ಮುಲಾಮಿನ ವಿಷಯ ನನ್ನ ಮುಂದ ಯಾಕ ಮುಚ್ಚಿಟ್ರಿ? ಥಿಯೇಟರ್ ಖಾಲಿ ಇತ್ತೇನ್ರಿ?” ಎಂದು ಕೇಳಿದೆ. ಉದಯಕುಮಾರ ಕನ್ನಡಕ ತೆಗೆದಿಟ್ಟರು.

“ಬಾಯಾರ, ನಾ ಮೊದಲ ಮುಲಾಮನ್ನ ಹೇಳಿದ್ದೆ, ನಿಮ್ಮ ಯಜಮಾನ್ರಿಗೆ, ಫೋನಿನ್ಯಾಗ. ಆಕಿ ಮುಂದ ಆ ಮಾತು ತಗೀಬ್ಯಾಡ್ರಿ, ಆಪರೇಷನ್ ಒಂದ ಅದ ಅಂತ ಹೇಳ್ರಿ ಅಂತ ಅವರ ಅಂದ್ರು. ಆರು ವಾರ ಆಕಿ ಬರೇ ಹಣಿ ನಾ ನೋಡ್ಕೋತ ಕೂತ್ರ, ನಾನ ಸತ್ತಂಗ ಅನಸ್ತದ ಅಂದ್ರು. ನಾ ಒಪ್ಪಬಾರದಿತ್ತು. ತಪ್ಪಾತ್ರಿ.”

ಬಸ್ಸು ರಾಯಾಪುರ ದಾಟುವವರೆಗೂ ಡಾಕ್ಟರನ್ನೇ ಮನಸ್ಸಿನಲ್ಲಿ ಬೈಯುತ್ತಿದ್ದೆ. ಅದು ಸುಲಭವಿತ್ತು.

ಮನೆಗೆ ಬಂದು ಇವರನ್ನು ಏನೂ ಕೇಳಲಿಲ್ಲ. ಮುಖ ತೊಳೆದುಕೊಂಡು, ಬರೀ ಹಣೆಯಲ್ಲೇ ಊಟಕ್ಕೆ ಬಡಿಸಿದೆ. ಪಲ್ಯ ಬೇಕೇನ್ರಿ ಎಂದೆ. ಅವರು ತಲೆ ಎತ್ತಲಿಲ್ಲ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರು.