ಚಿಕ್ಕಮ್ಮನ ಮನೆಯ ಜೇನು

ಅಮ್ಮಾ,

ನಿನ್ನ ಕೊಂಡಿಯಿಲ್ಲದ ಜೇನಿನ ರಾಣಿ ಸತ್ತಿತು. ಅದರ ಗೂಡಿನ ಕೆಲಸಗಾರ ನೊಣಗಳೇ ಕಚ್ಚಿ ಕೊಂದವು. ಈಗ ಸಮಾಧಾನವಾಯಿತೇ?

ಗಂಡುನೊಣಕ್ಕೆ ಅಪ್ಪನಿಲ್ಲ, ತಾಯಿಯಿಂದ ಬಂದ ಒಂದೇ ಪಾಲು ವರ್ಣತಂತು ಇರಬೇಕು. ಇವತ್ತು ಲ್ಯಾಬಿನಲ್ಲಿ ನಮ್ಮ ಪೆಟ್ಟಿಗೆಯ ಗಂಡುಮರಿಯನ್ನು ಪರೀಕ್ಷಿಸಿದರೆ ಎರಡು ಪಾಲು ಕಂಡಿತು. ಒಡಹುಟ್ಟಿದವೇ ಕೂಡಿದಾಗ ಹುಟ್ಟುವ, ಯಾವ ಕೆಲಸಕ್ಕೂ ಬಾರದ ಗಂಡು ಅದು. ಅಂಥವನ್ನು ಹೆತ್ತ ರಾಣಿಯನ್ನು ಗೂಡು ಉಳಿಸುವುದಿಲ್ಲ.

ಕೂಡದೆ ಇನ್ನೇನು ಮಾಡಿಯಾವು? ಒಂದೇ ಗೂಡನ್ನು ಒಡೆದೊಡೆದು ಬೇರೆ ಬೇರೆ ಪೆಟ್ಟಿಗೆಗೆ ಹಾಕಿ ಹಿತ್ತಲು ತುಂಬಿಸಿದವಳು ನೀನು. ಹೊರಗಿನ ರಕ್ತ ಬರಲಿ, ಚಿಕ್ಕಮ್ಮನ ಮನೆಯಿಂದ ಒಂದು ಪೆಟ್ಟಿಗೆ ತರೋಣವೆಂದು ಎಷ್ಟು ಬಡಕೊಂಡೆ! "ಅವಳ ಮನೆ ಹುಳಾನೂ ನನ್ನ ಹಿತ್ತಲಿಗೆ ಬರ್ಕೂಡದು" ಅಂದೆ ನೀನು. ನಿನ್ನ ಬೆನ್ನಿಗೆ ಬಿದ್ದ ತಂಗಿ ಅವಳು. ಜಗಳ ಯಾತಕ್ಕೆಂದು ಕೇಳಿದರೆ ನಿನಗೇ ನೆನಪಿರಲಿಲ್ಲ.

ನೀನು ಹೋದ ಮೇಲೆ ಮೊದಲ ಸಲ, ರಾಣಿ ಸತ್ತ ಸುದ್ದಿ ಕೇಳಿ, ಅವಳು ಇವತ್ತು ಸಂಜೆ ಬಂದಳು, ಬಸ್ಸಿನುದ್ದಕ್ಕೂ ಜೇನುಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು. ಹಿತ್ತಲಲ್ಲಿ ಅದನ್ನು ಇಳಿಸಿ, ಸೆರಗಿನಿಂದ ಧೂಳೊರೆಸಿ, ದನಿ ತಗ್ಗಿಸಿ ಅಂದಳು: "ನಿಮ್ಮಮ್ಮಂಗೆ ಹೇಳ್ಬೇಡ ಕಣೇ." ಅಂದವಳೇ ನಾಲಿಗೆ ಕಚ್ಚಿಕೊಂಡು ಅಲ್ಲೇ ಕೂತುಬಿಟ್ಟಳು.

ಹೇಳುತ್ತಿದ್ದೇನೆ. ಎದ್ದು ಬಂದು ಜಗಳ ಆಡು.