ಮೊದಲ ಹೈಹೀಲ್ಸ್

ಮೆಡೆಲಿನ್, ಗುರುವಾರ

ಪ್ರವಾಸದ ಮಾರ್ಗದರ್ಶಿ ಫಾಬಿಯಾನ್ ಅವರಿಗೆ,

ನಿನ್ನೆ ನನ್ನ ಗಂಡ ಆರ್ಬೆಯವರು ಬಸ್ ನಿಲ್ದಾಣದಲ್ಲಿ ನಿಂತು, ನಿಮ್ಮ ಜೊತೆ ಪ್ರವಾಸಕ್ಕೆ ಬಂದಿರುವ ಮಗಳು ಯೆಸೇನಿಯಾ ಫೋನಿಗೆ ಕಳಿಸಿದ ಮಾತು ಕೇಳುತ್ತಿದ್ದರು. “ಅಪ್ಪಾ, ರೋಲರ್ ಕೋಸ್ಟರ್‌ನಲ್ಲಿ ಎಲ್ರೂ ಕಿರುಚಿದ್ರು, ನಾನ್ ಕಿರುಚ್ಲಿಲ್ಲ. ಇಳಿದ್ಮೇಲೆ ವಾಂತಿ ಮಾಡ್ದೆ!”

ಬೈಕಿನಲ್ಲಿ ಬಂದ ಇಬ್ಬರು, “ಫೋನ್ ಕೊಡೋ ಮುದುಕಾ” ಎಂದರಂತೆ. “ತಾಳ್ರೋ, ಮಗಳು ಮಾತಾಡ್ತಿದಾಳೆ” ಎಂದು ಇವರು ನಕ್ಕರಂತೆ. ಹೊಟ್ಟೆಗೆ ಚೂರಿ ಹಾಕಿದರು. ಬಿದ್ದ ಮೇಲೂ ಫೋನ್ ಬಿಡಲಿಲ್ಲವೆಂದು ಬೆರಳುಗಳನ್ನೂ ಕೊಯ್ದರು. ಆಸ್ಪತ್ರೆ ತಲುಪುವ ಮೊದಲೇ ಪ್ರಾಣ ಹೋಯಿತು.

ಅವಳಿಗೆ ಈಗಲೇ ಹೇಳಬೇಡಿ. ಶನಿವಾರದ ಪಾರ್ಟಿಯಲ್ಲಿ ಹದಿನೈದು ತುಂಬಿದ ಹುಡುಗಿಯರಿಗೆ ಅವರ ಅಪ್ಪಂದಿರ ಬದಲು ನೀವು ಮೊದಲ ಹೈಹೀಲ್ಸ್ ತೊಡಿಸುವಾಗ, “ನಂಗೆ ಊರಲ್ಲಿ ನಮ್ಮಪ್ಪಾನೇ ತೊಡಿಸ್ಬೇಕು” ಎಂದು ಹಟ ಹಿಡಿಯುತ್ತಾಳೆ. ಅಪ್ಪನೇ ಹೇಳಿಕಳಿಸಿದ್ದಾರೆಂದು ತಿಳಿಸಿ ನೀವೇ ತೊಡಿಸಿ. ಪಟ್ಟಿ ಕಟ್ಟುವಾಗ ನಗುತ್ತಲೇ ಇರಿ, ಅವಳು ಎಲ್ಲವನ್ನೂ ಗಮನಿಸುತ್ತಾಳೆ.

ಯೆಸೇನಿಯಾಳ ತಾಯಿ,
ನೂಬಿಯಾ