ಹುಡುಕಿದ ಹೆಸರು

ಸೇಡಂ, ಬೆಳಿಗ್ಗೆ

ನಮ್ಮ ಮನೆಯವರಿಗೆ,

ಕಂಪನಿಯ ಗಣಿಯಿಂದ ನಿಮ್ಮ ಹೊಸ ಗೇಟ್ ಪಾಸ್ ಬಂತೇನೋ ಎಂದು ನಿನ್ನೆ ನಮ್ಮ ಪಾಸ್ ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿದೆ. ‘ಗಣಿ ಡ್ರೈವರ್’ ಎಂದು ಹಾಕಿದರೆ ಊರ ಮಂದಿಯ ಹೆಸರೆಲ್ಲ ಬಂದವು. ಪಕ್ಕದ ಕುರ್ಚಿಯ ಭಾಗ್ಯಜ್ಯೋತಿ ನಕ್ಕಳು: “ಹೆಸರು, ಊರು ಎರಡೂ ಹಾಕ್ರಿ ಅಕ್ಕಾ, ಆಗ ಬರೋಬ್ಬರಿ ಸಿಗ್ತದ.”

ಮದುವೆಯಲ್ಲಿ ಒಡಪಿನ ಪದದಲ್ಲಿ ಸೇರಿಸಿ ಹೇಳಿದ್ದು ಬಿಟ್ಟರೆ ನಿಮ್ಮ ಹೆಸರನ್ನು ನಾನು ಬಾಯಿಗೆ ತಂದವಳಲ್ಲ. ನಾಚುತ್ತಲೇ ‘ಶಂಕರಲಿಂಗ, ಭಂಕೂರ’ ಎಂದು ಒತ್ತಿದೆ. ಒಂದೇ ಸಾಲು ಬಂತು: ಯುಗಾದಿಗೇ ಕೆಲಸ ಬಿಟ್ಟಿದ್ದಾರೆ.

ಈಗ ದಸರಾ ಬಂತಲ್ಲ! ದಿನಾ ನೀವು ಡ್ಯೂಟಿಗೆಂದು ಹೊರಡುತ್ತೀರಿ, ನಾನು ಡಬ್ಬಿ ಕಟ್ಟುತ್ತೇನೆ. ಎದುರಿಗೆ ಕೇಳಲು ಬಾಯಿ ಬರಲಿಲ್ಲ.

ಇವತ್ತೂ ಕಟ್ಟಿದ್ದೇನೆ, ಈ ಪತ್ರವನ್ನು ರೊಟ್ಟಿಯ ಮೇಲಿಟ್ಟಿದ್ದೇನೆ. ಮೊದಲು ಉಣ್ಣಿ. ಆಮೇಲೆ, ಎಲ್ಲಿ ಕುಳಿತು ಉಣ್ಣುತ್ತಿದ್ದೀರಿ ಎಂಬುದನ್ನು ಫೋನ್ ಮಾಡಿ ಹೇಳಿ. ನಾನು ಬರುತ್ತೇನೆ.

ದಾನಮ್ಮ